ಮನೆಯಂಗಳದಲ್ಲಿ ರೇಡಿಯೇಟರ್ ತೊಳೆಯುವ ಕಾರ್ಯ: ತೊಡಕುಗಳ ಒಂದು ಸಮೀಕ್ಷೆ

ಮೋಟಾರು ಕಾರನ್ನು ಸ್ವಂತಕ್ಕೆ ಇಟ್ಟುಕೊಂಡವರಲ್ಲಿ ಎಂಜಿನ್ ಆಯಿಲನ್ನು ಕಾಲಕಾಲಕ್ಕೆ ಬದಲಿಸುವುದನ್ನೂ ಟೈರುಗಳಿಗೆ ಗಾಳಿ ಹಿಡಿಸುವುದನ್ನೂ ತಪ್ಪದೆ ನೆನಪಿಡುವವರು ಬೇಕಾದಷ್ಟು ಮಂದಿಯಿದ್ದರೂ, ಬಾನೆಟ್ಟಿನ ಅಡಿಯಲ್ಲಿ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಎಡೆಬಿಡದೆ ಸುತ್ತುತ್ತಿರುವ ನಾಲ್ಕೈದು ಲೀಟರು ದ್ರವದ ಯೋಗಕ್ಷೇಮವನ್ನು ವಿಚಾರಿಸುವವರು ತೀರ ವಿರಳ. ಗಾಡಿ ಒಮ್ಮೆ ನಡುದಾರಿಯಲ್ಲಿ ಹಬೆಯಾಡಿ ನಿಂತ ಮೇಲೆಯೋ, ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಿಳಿಹಸುರಾಗಿದ್ದ ನೀರು ಕೆಂಗಂದು ಬಣ್ಣಕ್ಕೆ ತಿರುಗಿದುದನ್ನು ಕಂಡ ಮೇಲೆಯೋ ಅದರ ಕಡೆಗೆ ಗಮನ ಹರಿಯುತ್ತದೆ. ಆಗ ಗ್ಯಾರೇಜಿಗೆ ಹೋಗಿ ಕಾಯುವುದಕ್ಕಿಂತ ಭಾನುವಾರದ ಬೆಳಿಗ್ಗೆ ಮನೆಯ ಮುಂದೆಯೇ, ಗಿಡಗಳಿಗೆ ನೀರು ಹಾಯಿಸುವ ಪೈಪನ್ನು ಹಿಡಿದು, ಒಳಗಿನ ಬಗ್ಗಡವನ್ನೆಲ್ಲ ತೊಳೆದು ಹೊಸ ಕೂಲೆಂಟನ್ನು ತುಂಬಿಬಿಡೋಣವೆಂಬ ಉತ್ಸಾಹ ಹುಟ್ಟುವುದು ಸಹಜ. ಕಾರ್ಯವೂ ನೋಡುವುದಕ್ಕೆ ಸುಲಭವಾಗಿಯೇ ಇದೆ: ಕೆಳಗಿನ ತಿರುಪನ್ನು ಬಿಚ್ಚುವುದು, ಹಳೆಯದನ್ನು ಹರಿಯಬಿಡುವುದು, ನೀರಿನಿಂದ ಜಾಲಿಸುವುದು, ಹೊಸದನ್ನು ಸುರಿಯುವುದು. ಹೀಗಿದ್ದೂ, ಈ ಕಾರ್ಯ ಮುಗಿದ ಮರುದಿನವೇ ಅದುವರೆಗೆ ನಡುಗೆರೆಯನ್ನು ದಾಟದಿದ್ದ ಉಷ್ಣಮಾಪಕದ ಮುಳ್ಳು ಕೆಂಪಿನತ್ತ ಏರಿತೆಂದೂ, ಎಂದೂ ಸೋರದಿದ್ದ ಜಾಗ ಸೋರತೊಡಗಿತೆಂದೂ, ಹೊಸ ದ್ರವ ತಿಂಗಳೊಳಗೆ ಹಳೆಯದಕ್ಕಿಂತಲೂ ಕೊಳಕಾಯಿತೆಂದೂ ದೂರುಗಳು ಕಾರಿಟ್ಟವರ ಮಾತುಕತೆಯಲ್ಲಿ ಪದೇ ಪದೇ ಕೇಳಿಬರುತ್ತವೆ. ಇವನ್ನು ಒಂದೊಂದಾಗಿ ಪರಿಶೀಲಿಸಿದರೆ ಬಹುಮಟ್ಟಿಗೆ ಎಲ್ಲದರ ಹಿಂದೆಯೂ ಒಂದೇ ಮೂಲಕಾರಣ ಗೋಚರಿಸುತ್ತದೆ: ಖಾಲಿಯಾಯಿತೆಂದು ನಾವು ನಂಬಿದಾಗ ಆ ವ್ಯವಸ್ಥೆ ಖಾಲಿಯಾಗಿರುವುದಿಲ್ಲ, ತುಂಬಿತೆಂದು ನಂಬಿದಾಗ ತುಂಬಿಯೂ ಇರುವುದಿಲ್ಲ.

ವಿಷಯವನ್ನು ಸ್ಪಷ್ಟಪಡಿಸುವುದಕ್ಕೆ ಆ ವ್ಯವಸ್ಥೆಯ ಸ್ವರೂಪವನ್ನು ಸ್ವಲ್ಪ ಹೇಳಬೇಕಾಗಿದೆ. ಪೆಟ್ರೋಲು ದಹಿಸಿದಾಗ ಹುಟ್ಟುವ ಶಾಖದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲು ಗಾಡಿಯನ್ನು ಓಡಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನ ಮೂಲಕ ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದ ಪಾಲನ್ನು ಎಂಜಿನ್ನಿನ ಲೋಹದಿಂದ ಹೊರಕ್ಕೆ ಸಾಗಿಸತಕ್ಕ ಹೊಣೆ ಶೀತಕದ್ರವದ್ದು. ವಾಟರ್ ಪಂಪು ಈ ದ್ರವವನ್ನು ಸಿಲಿಂಡರುಗಳ ಸುತ್ತಲಿನ ಪೊಳ್ಳುಗಳಲ್ಲಿಯೂ ಮೇಲಿನ ಹೆಡ್ಡಿನಲ್ಲಿಯೂ ಹಾಯಿಸಿ, ರೇಡಿಯೇಟರಿನ ತೆಳುನಾಳಗಳಿಗೆ ಕಳುಹಿಸುತ್ತದೆ. ನಡುವೆ ಥರ್ಮೋಸ್ಟ್ಯಾಟ್ ಎಂಬ ಪುಟ್ಟ ಕವಾಟವೊಂದು ನಿಂತು, ದ್ರವ ಸುಮಾರು 82ರಿಂದ 92 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯುವವರೆಗೆ ದಾರಿಯನ್ನು ಮುಚ್ಚಿಟ್ಟುಕೊಂಡಿದ್ದು, ಆಮೇಲೆ ತನ್ನೊಳಗಿನ ಮೇಣ ಕರಗಿ ಹಿಗ್ಗಿದಾಗ ತೆರೆಯುತ್ತದೆ. ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಒಳಗಿನ ಒತ್ತಡವನ್ನು ಹೆಚ್ಚಿಸಿ ಕುದಿಯುವ ಬಿಂದುವನ್ನು ಮೇಲಕ್ಕೆ ತಳ್ಳುವ ಕವಾಟವದು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಒತ್ತಡ ಒಂದು ಬಾರ್ ಇದ್ದರೆ ಅದೇ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಉಳಿಯುತ್ತದೆ. ಅದರೊಂದಿಗೆ ಎಥಿಲೀನ್ ಗ್ಲೈಕಾಲ್ ಸಮಪ್ರಮಾಣದಲ್ಲಿ ಬೆರೆತಿದ್ದರೆ ಇನ್ನೂ ಏಳೆಂಟು ಡಿಗ್ರಿ ಅವಕಾಶ ದೊರೆಯುತ್ತದೆ. ನೀರು ಹೆಪ್ಪುಗಟ್ಟದಿರಲೆಂದು ಚಳಿನಾಡುಗಳಲ್ಲಿ ಬಳಸುವ ಗ್ಲೈಕಾಲು ಹಿಮವನ್ನೇ ಕಾಣದ ನಮ್ಮ ಸೀಮೆಗೆ ಏತಕ್ಕೆಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ, ಆ ದ್ರವದಲ್ಲಿ ಬೆರೆಸಿರುವ ತುಕ್ಕುನಿರೋಧಕ ಲವಣಗಳಲ್ಲಿದೆ. ಶಾಖವನ್ನು ಹೊರುವ ಶಕ್ತಿಯೊಂದನ್ನೇ ನೋಡುವುದಾದರೆ ನೀರಿಗೆ ಸಮನಾದದ್ದು ಗ್ಲೈಕಾಲಲ್ಲ. ಆದರೆ ಬರಿಯ ನೀರು ಲೋಹವನ್ನು ತಿನ್ನುತ್ತದೆ.

ಕಾರಿಗೂ ನೀರಿಗೂ ಇರುವ ಈ ನಂಟು ಕಾರಿನಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ಎಂಬ ಮಹಿಳೆ ತನ್ನ ಗಂಡ ರೂಪಿಸಿದ ಮೂರು ಚಕ್ರದ ವಾಹನದಲ್ಲಿ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಜರ್ಮನಿಯ ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಗಿಲಾದ ಪ್ರಯಾಣವನ್ನು ಕೈಗೊಂಡಾಗ, ಆ ಎಂಜಿನ್ನು ನೀರನ್ನು ಆವಿಯಾಗಿಸಿಯೇ ತಣಿಯತಕ್ಕದ್ದಾದುದರಿಂದ, ಸಿಕ್ಕಸಿಕ್ಕಲ್ಲಿ ನೀರು ತುಂಬಿಸಿಕೊಂಡು ಮುಂದುವರಿಯಬೇಕಾಯಿತು. 20ನೆಯ ಶತಮಾನದ ಹೊಸ್ತಿಲಲ್ಲಿ ವಿಲ್ಹೆಲ್ಮ್ ಮೇಬ್ಯಾಕ್ ಮರ್ಸಿಡಿಸ್ ಕಾರಿಗಾಗಿ ಜೇನುಗೂಡಿನ ರಚನೆಯ ರೇಡಿಯೇಟರನ್ನು ಕೊಟ್ಟ ಮೇಲೆ ಅದೇ ನೀರು ಸುತ್ತಿ ಸುತ್ತಿ ಬಳಕೆಯಾಗುವುದು ಸುಲಭವಾಯಿತು. ನಮ್ಮಲ್ಲಿ ಆಗುಂಬೆ, ಚಾರ್ಮಾಡಿ, ಶಿರಾಡಿಗಳ ತಿರುವುಗಳಲ್ಲಿ ಬಸ್ಸು ಲಾರಿಗಳು ಏದುಸಿರು ಬಿಡುತ್ತ ನಿಂತು, ಕ್ಲೀನರು ಡಬ್ಬಿ ಹಿಡಿದು ಝರಿಯತ್ತ ಓಡುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ರೇಡಿಯೇಟರೆಂದರೆ ನೀರು ಸುರಿಯುವ ಜಾಗ, ಯಾವ ನೀರಾದರೇನು, ಎಂಬ ಮನೋಭಾವಕ್ಕೆ ಆ ಕಾಲದ ಅಭ್ಯಾಸವೇ ಬೇರು. ಅಂದಿನ ಅಂಬಾಸಡರು, ಜೀಪುಗಳ ಬೀಡುಕಬ್ಬಿಣದ ಎಂಜಿನ್ನೂ ಹಿತ್ತಾಳೆ ತಾಮ್ರಗಳ ದಪ್ಪ ರೇಡಿಯೇಟರೂ ಆ ಉಪೇಕ್ಷೆಯನ್ನು ಬಹುಕಾಲ ಸಹಿಸಿದವು. ಈಗಿನ ಕಾರುಗಳಲ್ಲಿ ಹೆಡ್ಡು ಅಲ್ಯೂಮಿನಿಯಮ್ಮಿನದು, ರೇಡಿಯೇಟರಿನ ನಾಳಗಳು ಕಾಗದದಷ್ಟು ತೆಳುವಾದ ಅಲ್ಯೂಮಿನಿಯಮ್ಮಿನವು, ಅವುಗಳ ಎರಡು ತುದಿಯ ತೊಟ್ಟಿಗಳು ಪ್ಲಾಸ್ಟಿಕ್ಕಿನವು. ಹಳೆಯ ಗಾಡಿಯಲ್ಲಿ ಕಲಿತ ಕೈಯನ್ನು ಹೊಸ ಗಾಡಿಯ ಮೇಲೆ ಆಡಿಸುವುದರಿಂದಲೇ ಮನೆಯಂಗಳದ ಅನರ್ಥಗಳಲ್ಲಿ ದೊಡ್ಡದೊಂದು ಭಾಗ ಸಂಭವಿಸುತ್ತದೆ.

ಮೊದಲನೆಯ ಪ್ರಶ್ನೆ ನೀರಿನದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೋರ್‌ವೆಲ್ಲುಗಳ ನೀರು ಗಡಸೆಂಬುದನ್ನು ಅಲ್ಲಿನ ಮನೆಗಳವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೋಪು ನೊರೆಯಾಡದಿರುವುದೂ ಬಚ್ಚಲ ಹಂಡೆಯ ಒಳಮೈಗೆ ಬಿಳಿಯ ಹಿಟ್ಟೆ ಕಟ್ಟುವುದೂ ಅವರ ನಿತ್ಯಾನುಭವ. ಕುಡಿಯುವ ನೀರಿನ ಭಾರತೀಯ ಮಾನಕ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಮನ್ನು ಮಿತಿಯಾಗಿಟ್ಟು, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಿಕೊಳ್ಳುತ್ತದೆ. ಹಾಗೆ ಒಪ್ಪಿಗೆಯಾದ ನೀರು ಮನುಷ್ಯನ ಹೊಟ್ಟೆಗೆ ಸಲ್ಲಬಹುದು, ರೇಡಿಯೇಟರಿಗೆ ಸಲ್ಲದು. ಅದರಲ್ಲಿ ಕರಗಿರುವ ಸುಣ್ಣ ಮತ್ತು ಮೆಗ್ನೀಸಿಯಮ್ಮಿನ ಲವಣಗಳು ನೀರು ಕಾದೊಡನೆ ಬೇರ್ಪಟ್ಟು, ಎಲ್ಲಿ ಶಾಖ ಅತ್ಯಧಿಕವೋ ಅಲ್ಲಿಯೇ, ಎಂದರೆ ಹೆಡ್ಡಿನ ಒಳಮೈಯಲ್ಲಿ, ಹೋಗಿ ಅಂಟಿಕೊಳ್ಳುತ್ತವೆ. ಲೋಹಕ್ಕೂ ದ್ರವಕ್ಕೂ ನಡುವೆ ಶಾಖವನ್ನು ಸುಲಭವಾಗಿ ಹಾಯಗೊಡದ ಪದರ ಬೆಳೆಯುತ್ತದೆ. ಇದಕ್ಕೆ ಇನ್ನೊಂದು ಸೂಕ್ಷ್ಮವೂ ಸೇರುತ್ತದೆ. ಜಪಾನಿ ಕಾರುಗಳ ತಯಾರಕರು ವಾಟರ್ ಪಂಪಿನ ಸೀಲಿನ ಹಿತಕ್ಕಾಗಿ ಸಿಲಿಕೇಟನ್ನು ದೂರವಿಟ್ಟು ಫಾಸ್ಫೇಟುಳ್ಳ ಕೂಲೆಂಟನ್ನು ಒಪ್ಪಿದರೆ, ಯೂರೋಪಿನವರು ತಮ್ಮ ನೀರು ಗಡಸಾದುದರಿಂದ ಫಾಸ್ಫೇಟನ್ನೇ ದೂರವಿಟ್ಟರು. ಏಕೆಂದರೆ ಗಡಸು ನೀರಿನ ಸುಣ್ಣ ಫಾಸ್ಫೇಟಿನೊಡನೆ ಕೂಡಿದರೆ ಗಸಿಯಾಗಿ ಕೆಳಗಿಳಿಯುತ್ತದೆ. ಜಪಾನಿ ಮೂಲದ ಕಾರುಗಳೇ ಹೆಚ್ಚಾಗಿ ಓಡಾಡುವ, ಬೋರ್‌ವೆಲ್ ನೀರೇ ಹೆಚ್ಚಾಗಿ ದೊರೆಯುವ ನಮ್ಮ ಜಿಲ್ಲೆಗಳಲ್ಲಿ ಈ ಎರಡರ ಸಂಯೋಗ ಎಷ್ಟು ಸುಲಭವೆಂಬುದನ್ನು ಯೋಚಿಸಿದರೆ ಸಾಕು. ಒರಟು ಬಗ್ಗಡವನ್ನು ಹೊರಡಿಸುವ ಮೊದಲ ಜಾಲಿಕೆಗೆ ನಲ್ಲಿಯ ನೀರು ಸಾಕಾದೀತು. ಕಡೆಯ ಜಾಲಿಕೆಗೂ ಮಿಶ್ರಣಕ್ಕೂ ಭಟ್ಟಿಯಿಳಿಸಿದ ನೀರೇ ಬೇಕು. ಅಂಗಡಿಯಲ್ಲಿ ಅದನ್ನು ಕೇಳುವಾಗ ಬ್ಯಾಟರಿಗೆ ಹಾಕುವ ನೀರೆಂದು ಬಾಯಿಬಿಟ್ಟು ಹೇಳುವುದೊಳ್ಳೆಯದು. ಅದೇ ಕಪಾಟಿನಲ್ಲಿ ಅಂಥದೇ ಕ್ಯಾನಿನಲ್ಲಿ ಬ್ಯಾಟರಿಯ ಆಸಿಡ್ಡೂ ಕುಳಿತಿರುತ್ತದೆ.

ಇನ್ನು ಹಳೆಯ ದ್ರವವನ್ನು ಹೊರಬಿಡುವ ಕ್ರಿಯೆ. ಹಳೆಯ ಗಾಡಿಗಳಲ್ಲಿ ರೇಡಿಯೇಟರಿನ ಬುಡದಲ್ಲಿ ಒಂದು, ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಒಂದು, ಹೀಗೆ ಎರಡು ಹಿತ್ತಾಳೆಯ ನಲ್ಲಿಗಳಿದ್ದವು. ಎರಡನ್ನೂ ತಿರುಗಿಸಿದರೆ ಬಹುಪಾಲು ನೀರು ಇಳಿದುಹೋಗುತ್ತಿತ್ತು. ಬ್ಲಾಕಿನ ನಲ್ಲಿಯನ್ನು ತಿರುಗಿಸಿದರೂ ತೊಟ್ಟು ನೀರು ಬಾರದಿದ್ದರೆ ಅದರ ಬಾಯಿಗೆ ಬಗ್ಗಡ ಕಟ್ಟಿದೆಯೆಂದು ತಿಳಿದು ತಂತಿಯಿಂದ ಚುಚ್ಚುವುದು ಅಂದಿನ ಪದ್ಧತಿ. ಈಗಿನ ಸಣ್ಣ ಕಾರುಗಳಲ್ಲಿ ಬ್ಲಾಕಿನ ತಿರುಪು ಕೈಗೆ ಎಟಕುವ ಕಡೆ ಇರುವುದಿಲ್ಲ. ರೇಡಿಯೇಟರಿನದು, ಇದ್ದರೆ, ಹೆಬ್ಬೆರಳಿನಷ್ಟು ಗಾತ್ರದ ಪ್ಲಾಸ್ಟಿಕ್ ತಿರುಪು. ವರ್ಷಗಟ್ಟಲೆ ಶಾಖವನ್ನು ಉಂಡು ಬಿರುಸಾದ ಆ ತಿರುಪು ಬೆರಳಿಗೆ ಜಗ್ಗದಿದ್ದಾಗ ಇಕ್ಕಳ ಹಾಕಿ ತಿರುವುವುದು ಎಲ್ಲರಿಗೂ ತೋಚುವ ಉಪಾಯ. ರೆಕ್ಕೆ ಮುರಿದು ಕೈಗೆ ಬಂದು, ಮರೆಯೊಳಗೆ ಅದರ ದೇಹ ಸಿಕ್ಕಿಕೊಂಡು, ಒಂದು ಸಣ್ಣ ತಿರುಪಿನ ದೆಸೆಯಿಂದ ಇಡೀ ರೇಡಿಯೇಟರನ್ನು ಬಿಚ್ಚುವ ಪ್ರಸಂಗ ಬರುವುದು ಆಮೇಲೆಯೇ. ತಿರುಪೇ ಇಲ್ಲದ ಗಾಡಿಗಳಲ್ಲಿ ಕೆಳಗಿನ ಹೋಸ್ ಪೈಪನ್ನು ಕಳಚಬೇಕು. ರಬ್ಬರು ಕೊರಳಿಗೆ ಹತ್ತಿಕೊಂಡಿರುವುದರಿಂದ ಎಳೆದರೆ ಬಾರದು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಪ್ಲಾಸ್ಟಿಕ್ ಕೊರಳು ಬಿರಿಯುತ್ತದೆ, ಹಾಗೆ ಬಿರಿದುದು ಅಂದೇ ಕಾಣುವುದೂ ಇಲ್ಲ, ಒತ್ತಡವೇರಿದ ಮೇಲೆ ಕಾಣುತ್ತದೆ. ಅಂಥ ಕಡೆ ಹಳೆಯ ಪೈಪನ್ನು ಉದ್ದಕ್ಕೆ ಕುಯ್ದು ತೆಗೆದು ಹೊಸ ಪೈಪನ್ನೂ ಹೊಸ ಕ್ಲಿಪ್ಪನ್ನೂ ಹಾಕುವುದೇ ಮಿತವ್ಯಯ. ರಬ್ಬರಿಗೆ ಹೇಗೂ ವಯಸ್ಸಾಗಿರುತ್ತದೆ.

ತಿರುಪೋ ಪೈಪೋ ಬಿಚ್ಚಿದ ಮೇಲೆ ಬರುವುದೆಷ್ಟು? ಈ ಲೆಕ್ಕವನ್ನು ಮಾಡದೆ ಕೆಲಸಕ್ಕೆ ಇಳಿಯುವವರೇ ಹೆಚ್ಚು, ಆದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಟ್ಟು 5 ಲೀಟರು ಹಿಡಿಯುವ ಒಂದು ಕಾರಿನಲ್ಲಿ ರೇಡಿಯೇಟರಿನಿಂದ ಸುಮಾರು ಅರ್ಧ, ಎಂದರೆ ಎರಡೂವರೆ ಲೀಟರು, ಇಳಿಯಿತೆನ್ನೋಣ. ಉಳಿದರ್ಧ ಬ್ಲಾಕಿನಲ್ಲಿಯೂ ಹೀಟರಿನಲ್ಲಿಯೂ ಕುಳಿತೇ ಇರುತ್ತದೆ. ಹಳೆಯ ದ್ರವದಲ್ಲಿ ಗ್ಲೈಕಾಲು ಶೇಕಡಾ 50 ಇದ್ದರೆ, ಒಮ್ಮೆ ಇಳಿಸಿ ನೀರು ತುಂಬಿ ಎಂಜಿನ್ನನ್ನು ಓಡಿಸಿದಾಗ ಅದು 25 ಆಗುತ್ತದೆ. ಎರಡನೆಯ ಸಲ ಹನ್ನೆರಡೂವರೆ. ಮೂರನೆಯ ಸಲ ಆರು ಚಿಲ್ಲರೆ. ಕೆಳಗೆ ಬರುವ ನೀರು ತಿಳಿಯಾಗಿ ಕಾಣುವ ಹೊತ್ತಿಗೆ ಒಳಗೆ ಉಳಿದಿರುವುದು ಹೆಚ್ಚು ಕಡಮೆ ಬರಿಯ ನೀರು. ಪ್ರಮಾದವಾಗುವುದು ಇಲ್ಲಿಯೇ. ಕಡೆಯ ಸಲ ರೇಡಿಯೇಟರನ್ನು ಇಳಿಸಿ, ಅಂಗಡಿಯಿಂದ ತಂದ ಸಿದ್ಧಮಿಶ್ರಣದ ಕೂಲೆಂಟನ್ನು, ನೀರು ಬೆರಸಬೇಡಿರೆಂದು ಡಬ್ಬಿಯ ಮೇಲೆ ಅಚ್ಚಾಗಿರುವುದನ್ನು ಶ್ರದ್ಧೆಯಿಂದ ಪಾಲಿಸುತ್ತ, ಸುರಿಯುತ್ತಾರೆ. ಹಿಡಿಯುವುದು ಎರಡೂವರೆ ಲೀಟರು ಮಾತ್ರ. ಅದು ಒಳಗೆ ಅಡಗಿ ಕುಳಿತ ಎರಡೂವರೆ ಲೀಟರು ನೀರಿನೊಡನೆ ಬೆರೆತಾಗ ಗ್ಲೈಕಾಲು ಶೇಕಡಾ 28ರ ಸುಮಾರಿಗೆ ಇಳಿಯುತ್ತದೆ, ತುಕ್ಕುನಿರೋಧಕಗಳೂ ಅದೇ ಪ್ರಮಾಣದಲ್ಲಿ ತೆಳುವಾಗುತ್ತವೆ. ಆಯುಷ್ಯ ತೀರಿದ ಹಳೆಯ ದ್ರವವನ್ನು ತೆಗೆದು, ಹುಟ್ಟುವಾಗಲೇ ಬಡವಾದ ಹೊಸ ದ್ರವವನ್ನು ತುಂಬಿದ ಹಾಗಾಯಿತು. ಇಂಥ ಗಾಡಿಗೆ ಬೇಕಾದುದು ಸಿದ್ಧಮಿಶ್ರಣವಲ್ಲ, ನೀರು ಬೆರೆಸದ ಸಾಂದ್ರದ್ರವ: ಒಟ್ಟು ಹಿಡಿತದ ಅರ್ಧದಷ್ಟು ಸಾಂದ್ರವನ್ನು ಮೊದಲು ಸುರಿದು, ಜಾಗ ಉಳಿದರೆ ಭಟ್ಟಿನೀರಿನಿಂದ ಪೂರೈಸಿದಾಗ ಪ್ರಮಾಣ ತಾನಾಗಿ ಸರಿಹೋಗುತ್ತದೆ. ಒಟ್ಟು ಹಿಡಿತವೆಷ್ಟೆಂಬುದು ಕಾರಿನೊಡನೆ ಕೊಟ್ಟ ಕೈಪಿಡಿಯಲ್ಲಿರುತ್ತದೆ. ಹೊರಬಂದುದನ್ನು ಅಳತೆಯ ಪಾತ್ರೆಯಲ್ಲಿ ಹಿಡಿದರೆ ಒಳಗುಳಿದುದೆಷ್ಟೆಂಬುದು ಕಳೆಯುವ ಲೆಕ್ಕ. ಬರಿಯ ಇಳಿಸಿ ತುಂಬುವವನಿಗೆ, ನೀರಿನಿಂದ ಜಾಲಿಸದವನಿಗೆ, ಈ ತೊಡಕೇ ಇಲ್ಲ. ಅವನು ಸಿದ್ಧಮಿಶ್ರಣವನ್ನು ನಿಶ್ಚಿಂತೆಯಿಂದ ಸುರಿಯಬಹುದು.

ದ್ರವ ಪೂರ್ತಿಯಾಗಿ ಹೊರಬಾರದಿರುವುದು ಒಂದು ತೊಂದರೆಯಾದರೆ ಗಾಳಿ ಹೊರಬಾರದಿರುವುದು ಮತ್ತೊಂದು. ಮೆಕ್ಯಾನಿಕ್ಕುಗಳು ಏರ್ ಲಾಕ್ ಎನ್ನುವುದು ಇದನ್ನೇ. ತಣ್ಣಗಿರುವ ಎಂಜಿನ್ನಿನಲ್ಲಿ ಥರ್ಮೋಸ್ಟ್ಯಾಟ್ ಮುಚ್ಚಿರುತ್ತದೆ. ಮೇಲಿನಿಂದ ಸುರಿದ ದ್ರವ ರೇಡಿಯೇಟರನ್ನು ತುಂಬಿ ಬಾಯಿಯವರೆಗೆ ಬಂದು ನಿಲ್ಲುತ್ತದೆ. ತುಂಬಿತೆಂದು ಮುಚ್ಚಳ ಹಾಕುತ್ತೇವೆ. ಕವಾಟದ ಆಚೆ ಹೆಡ್ಡಿನ ಮೂಲೆಗಳಲ್ಲಿಯೂ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರಿನ ನಾಳಗಳಲ್ಲಿಯೂ ಸಿಕ್ಕಿಬಿದ್ದ ಗಾಳಿಗೆ ಹೊರದಾರಿಯಿಲ್ಲ. ಎಂಜಿನ್ನು ಕಾದೊಡನೆ ಆ ಗಾಳಿ ಹಬೆಯೊಡನೆ ಕೂಡಿ ಹಿಗ್ಗುತ್ತದೆ. ಅದು ತಂಗಿದ ಜಾಗದ ಲೋಹಕ್ಕೆ ದ್ರವದ ಸ್ಪರ್ಶವೇ ತಪ್ಪಿ ಶಾಖ ಒಂದೇ ಕಡೆ ಕೂಡಿಬೀಳುತ್ತದೆ. ಉಷ್ಣಮಾಪಕದ ಸಂವೇದಕ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸತ್ಯ ಹೇಳತಕ್ಕದ್ದಾದುದರಿಂದ, ಅದೇ ಗಾಳಿಗುಳ್ಳೆಯೊಳಗೆ ಸಿಕ್ಕಿಬಿದ್ದರೆ ಹೆಡ್ಡು ಉರಿಯುತ್ತಿದ್ದರೂ ಮುಳ್ಳು ಸೌಮ್ಯವಾಗಿ ಕೆಳಗೇ ನಿಂತಿರಬಹುದು. ಗಾಡಿ ಹೊರಟಾಗ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಶಬ್ದವಾಗುವುದು, ಹೀಟರು ಹಾಕಿದರೆ ಎಂಜಿನ್ನು ಕಾದಿದ್ದರೂ ತಣ್ಣನೆಯ ಗಾಳಿ ಬರುವುದು, ಮುಳ್ಳು ಕಾರಣವಿಲ್ಲದೆ ಏರಿ ಇಳಿಯುವುದು, ಇವು ಅದರ ಲಕ್ಷಣಗಳು.

ಈ ವಿಷಯದಲ್ಲಿ ನಮ್ಮ ಹವೆಯೇ ಒಂದು ಅನನುಕೂಲ. ಮಡಿಕೇರಿಯ ಚಳಿಗಾಲದ ಬೆಳಗುಗಳನ್ನು ಬಿಟ್ಟರೆ ಕನ್ನಡನಾಡಿನಲ್ಲಿ ಕಾರಿನ ಹೀಟರನ್ನು ಮುಟ್ಟುವ ಪ್ರಮೇಯವೇ ಬಾರದು. ತಿರುಗಣೆ ಸದಾ ತಂಪಿನ ಕಡೆಗೇ ಇರುತ್ತದೆ. ಕೆಲವು ಕಾರುಗಳಲ್ಲಿ ಹೀಟರಿಗೆ ಹೋಗುವ ದ್ರವಕ್ಕೆ ಪ್ರತ್ಯೇಕ ಕವಾಟವಿದ್ದು, ತಿರುಗಣೆಯನ್ನು ಬಿಸಿಯ ಕಡೆಗೆ ತಿರುಗಿಸದ ಹೊರತು ಅದು ತೆರೆಯದು. ಅಂಥ ಗಾಡಿಯಲ್ಲಿ ಎಷ್ಟು ಸಲ ಜಾಲಿಸಿದರೂ ಆ ಮೂಲೆಯ ಹಳೆಯ ಕೊಳೆ ಅಲ್ಲಿಯೇ ಉಳಿದು, ಮುಂದೊಂದು ದಿನ ಯಾರಾದರೂ ಕೊಡಗಿಗೆ ಹೊರಟು ಹೀಟರು ಹಾಕಿದಾಗ ಹೊಸ ದ್ರವದೊಳಗೆ ಬಂದು ಸೇರುತ್ತದೆ. ಕೆಲಸ ಆರಂಭಿಸುವಾಗಲೇ ಹೀಟರಿನ ತಿರುಗಣೆಯನ್ನು ಪೂರ್ತಿ ಬಿಸಿಗೆ ಇಟ್ಟಿರತಕ್ಕದ್ದು. ತುಂಬುವಾಗ ಗಾಡಿಯ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ಮುಚ್ಚಳ ತೆರೆದಿಟ್ಟು ಎಂಜಿನ್ನನ್ನು ನಿಂತಲ್ಲೇ ಓಡಿಸುತ್ತ, ಮೇಲಿನ ಹೋಸ್ ಪೈಪನ್ನು ಆಗಾಗ ಅಮುಕುತ್ತ, ಗಾಳಿ ಬಿಡುವ ತಿರುಪಿದ್ದರೆ ಅದನ್ನು ದ್ರವ ಜಿನುಗುವವರೆಗೆ ಸಡಿಲಿಸುತ್ತ, ಗುಳ್ಳೆಗಳು ನಿಂತ ಮೇಲೆಯೇ ಮುಚ್ಚುವುದು ಕ್ರಮ. ಅಷ್ಟಕ್ಕೂ ಕೆಲಸ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ನೋಡಿದರೆ ಮಟ್ಟ ಕೆಳಗಿಳಿದಿರುತ್ತದೆ, ಇಳಿಯಲೂ ಬೇಕು. ಮೊದಲ ವಾರವೆಲ್ಲ ಒಂದು ಕಣ್ಣು ಅದರ ಮೇಲಿರಲಿ. ಈ ವಾರದಲ್ಲಿಯೇ ಊರಿಗೆ ಹೊರಡುವ ಯೋಚನೆ ಬೇಡ.

ತೊಳೆಯುವ ದ್ರವ್ಯಗಳ ಕಥೆ ಬೇರೆಯೇ ಇದೆ. ಬೀಡುಕಬ್ಬಿಣದ ಎಂಜಿನ್ನುಗಳ ಕಾಲದಲ್ಲಿ ವಾಷಿಂಗ್ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ ರೇಡಿಯೇಟರಿಗೆ ಹಾಕಿ ತೊಳೆಯುವುದು ಪುಸ್ತಕಗಳೇ ಹೇಳುತ್ತಿದ್ದ ವಿಧಾನ. ಅಲ್ಯೂಮಿನಿಯಂ ಆಮ್ಲಕ್ಕೂ ಕರಗುವ, ಕ್ಷಾರಕ್ಕೂ ಕರಗುವ ಲೋಹ. ಅದರ ಮೇಲೆ ಸೋಡಾವನ್ನು ಪ್ರಯೋಗಿಸಿದರೆ ಕೊಳೆಯ ಜೊತೆಗೆ ಲೋಹವೂ ಹೋಗುತ್ತದೆ. ಕಕ್ಕಸು ತೊಳೆಯುವ ಆಸಿಡ್ಡಿನ ಮಾತಂತೂ ಎತ್ತಲೇಬಾರದು, ಆದರೂ ಹಿಟ್ಟೆ ಹೋಗಲೆಂದು ಅದನ್ನೂ ಸುರಿದು ನೋಡುವ ಸಾಹಸಿಗಳುಂಟು. ನಿಂಬೆಯ ಆಮ್ಲವೂ ವಿನಿಗರೂ ಸೌಮ್ಯವಾದುವೆಂಬುದು ನಿಜ. ಆದರೆ ಮೇಲೆ ಹೇಳಿದ ಲೆಕ್ಕ ಇವಕ್ಕೂ ಅನ್ವಯಿಸುತ್ತದೆಯಷ್ಟೆ. ಹಾಕಿದ್ದರಲ್ಲಿ ಅರ್ಧವೇ ಹೊರಬರುವುದಾದುದರಿಂದ, ಹಲವು ಸಲ ಜಾಲಿಸದಿದ್ದರೆ ಉಳಿದ ಆಮ್ಲ ಹೊಸ ಕೂಲೆಂಟಿನ ನಿರೋಧಕಗಳನ್ನು ಮೊದಲ ದಿನಗಳಲ್ಲಿಯೇ ತಿಂದು ಮುಗಿಸುತ್ತದೆ. ತಿಂಗಳೊಳಗೆ ಹೊಸ ದ್ರವ ಕೊಳಕಾಯಿತೆಂಬ ದೂರಿನ ಮೂಲ ಬಹುಶಃ ಇದೇ.

ಫ್ಲಶ್ ಮಾಡಿಸಿದ ಮೇಲೆಯೇ ಸೋರತೊಡಗಿತು ಎಂಬ ಆಪಾದನೆಯಲ್ಲಿಯೂ ಸತ್ಯಾಂಶವಿದೆ. ವರ್ಷಗಳಿಂದ ತುಕ್ಕು ತಿಂದು ಸೂಜಿಮೊನೆಯಷ್ಟು ತೂತಾದ ಕಡೆಗಳನ್ನು ಅದೇ ಹಿಟ್ಟೆ ಮುಚ್ಚಿಕೊಂಡಿರುತ್ತದೆ; ಹಿಟ್ಟೆಯನ್ನು ಕಿತ್ತಾಗ ತೂತು ಬಾಯಿಬಿಡುತ್ತದೆ. ತೊಳೆದುದರಿಂದ ತೂತಾಯಿತೆನ್ನುವುದಕ್ಕಿಂತ ಇದ್ದ ತೂತು ಬಯಲಾಯಿತೆನ್ನುವುದು ಸರಿ, ಆದರೆ ಸೋರುವ ಗಾಡಿಯ ಯಜಮಾನನಿಗೆ ಈ ತರ್ಕದಿಂದ ಸಮಾಧಾನವಾಗಲಾರದು. ಇದಕ್ಕೆ ಲಾರಿಯವರ ಹಳೆಯ ಮದ್ದು ಒಂದು ಹಿಡಿ ಅರಿಸಿನದ ಪುಡಿ. ನಡುದಾರಿಯಲ್ಲಿ ಊರು ಸೇರುವವರೆಗೆ ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಪುಡಿ ಉಬ್ಬಿ ತೂತಿಗೆ ಹೋಗಿ ಕೂರುತ್ತದೆ. ಆದರೆ ಅದು ತೂತನ್ನಷ್ಟೇ ಹುಡುಕಿಕೊಂಡು ಹೋಗದು, ಹೀಟರಿನ ಕೂದಲೆಳೆಯ ನಾಳಗಳಿಗೂ ಹೋಗಿ ಕೂರುತ್ತದೆ. ಅಂಗಡಿಯಲ್ಲಿ ದೊರೆಯುವ ಸೋರಿಕೆ ನಿಲ್ಲಿಸುವ ಪುಡಿಗಳ ಗುಣವೂ ಇದಕ್ಕಿಂತ ಬಹಳ ಭಿನ್ನವಲ್ಲ. ಪೈಪಿನ ನೀರನ್ನು ಜೋರಾಗಿ ಬಿಟ್ಟು ಎದುರುದಿಕ್ಕಿನಿಂದ ತೊಳೆಯುವವರು ಥರ್ಮೋಸ್ಟ್ಯಾಟನ್ನು ಬಿಚ್ಚಿ ಬದಿಗಿಟ್ಟಿರಬೇಕು, ಒತ್ತಡವನ್ನು ಮಿತವಾಗಿಟ್ಟಿರಬೇಕು. ಓವರ್‌ಹೆಡ್ ಟ್ಯಾಂಕಿನ ನಲ್ಲಿಯ ರಭಸ ಅಪಾಯಕರವಲ್ಲ, ಕಾರು ತೊಳೆಯುವ ಪ್ರೆಶರ್ ಪಂಪಿನ ರಭಸಕ್ಕೆ ಪ್ಲಾಸ್ಟಿಕ್ ತೊಟ್ಟಿಯ ಅಂಚು ಬಿಟ್ಟುಕೊಳ್ಳುವುದು ನಿಶ್ಚಯ.

ಥರ್ಮೋಸ್ಟ್ಯಾಟನ್ನು ಬಿಚ್ಚಿದವರು ಅದನ್ನು ಮರಳಿ ಹಾಕದೆ ಬಿಡುವುದು ನಮ್ಮ ದೇಶದ ಒಂದು ವಿಶಿಷ್ಟ ಸಂಪ್ರದಾಯ. ಸೆಕೆಯ ನಾಡಿಗೆ ಅದೇಕೆ, ತೆಗೆದರೆ ಎಂಜಿನ್ನು ತಣ್ಣಗಿರುತ್ತದೆ, ಎಂಬುದು ವಾದ. ಎಂಜಿನ್ನು ತಣ್ಣಗಿರತಕ್ಕ ಯಂತ್ರವೇ ಅಲ್ಲ. ತನ್ನ ಹದವಾದ ಶಾಖಕ್ಕೆ ಬಾರದಿದ್ದರೆ ಪೆಟ್ರೋಲು ಹೆಚ್ಚು ಹೀರುತ್ತದೆ, ಆಯಿಲಿನಲ್ಲಿ ಸೇರಿದ ತೇವ ಆರುವುದಿಲ್ಲ. ಮೇಲಾಗಿ ಎಷ್ಟೋ ಎಂಜಿನ್ನುಗಳಲ್ಲಿ ಇದೇ ಕವಾಟ ತೆರೆದುಕೊಳ್ಳುವಾಗ ಅಡ್ಡದಾರಿಯ ನಾಳವನ್ನು ಮುಚ್ಚುತ್ತದೆ. ಅದನ್ನು ತೆಗೆದುಹಾಕಿದರೆ ದ್ರವದ ಒಂದಂಶ ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿಯೇ ಸುತ್ತುತ್ತಿದ್ದು, ತಣ್ಣಗಿರಲೆಂದು ಮಾಡಿದ ಉಪಾಯದಿಂದಲೇ ಗಾಡಿ ಬಿಸಿಯೇರುತ್ತದೆ.

ಕೂಲೆಂಟಿನ ಬಣ್ಣವನ್ನು ನೋಡಿ ಜಾತಿಯನ್ನು ನಿರ್ಣಯಿಸುವುದು ಇನ್ನೊಂದು ಭ್ರಮೆ. ಹಸುರು, ಕೆಂಪು, ನೀಲಿ, ಕಿತ್ತಳೆಗಳೆಲ್ಲ ತಯಾರಕರು ಬೆರೆಸುವ ಬಣ್ಣಗಳೇ ಹೊರತು ರಾಸಾಯನಿಕ ಸ್ವಭಾವದ ಗುರುತುಗಳಲ್ಲ. ಹಳೆಯ ಸಿಲಿಕೇಟ್ ಬಗೆಯದು ಸುಮಾರು ಎರಡು ವರ್ಷ ಬಾಳಿದರೆ, ಸಾವಯವ ಆಮ್ಲಗಳ ಬಗೆಯದು ಐದು ವರ್ಷ ಅಥವಾ ಇನ್ನೂ ಹೆಚ್ಚು ಬಾಳುತ್ತದೆ. ಎರಡನ್ನೂ ಬೆರೆಸಿದರೆ ದೀರ್ಘಾಯುವಿನ ಆಯುಷ್ಯ ಅಲ್ಪಾಯುವಿನ ಮಟ್ಟಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಲೋಳೆಯೂ ಕಟ್ಟುತ್ತದೆ. ಅಮೆರಿಕೆಯಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ 1990ರ ದಶಕದ ನಡುವಿನಲ್ಲಿ ಐದು ವರ್ಷ ಬಾಳುವ ಕಿತ್ತಳೆ ಬಣ್ಣದ ಕೂಲೆಂಟನ್ನು ತಂದ ಮೇಲೆ ಕೆಲವು ಎಂಜಿನ್ನುಗಳಲ್ಲಿ ಕೆಸರುಗಟ್ಟಿತೆಂದು ಗ್ರಾಹಕರು ನ್ಯಾಯಾಲಯಕ್ಕೆ ಹೋಗಿ, ವ್ಯಾಜ್ಯ ರಾಜಿಯಲ್ಲಿ ಮುಗಿದುದುಂಟು. ದ್ರವದ ಮಟ್ಟ ಕೆಳಗಿಳಿದು ಗಾಳಿ ಸೇರಿದ ಗಾಡಿಗಳಲ್ಲಿ ಕೆಸರು ಹೆಚ್ಚೆಂಬುದು ಆಗಿನ ಚರ್ಚೆಗಳಲ್ಲಿ ಪದೇ ಪದೇ ಬಂದ ಮಾತು. ಡಬ್ಬಿಯ ಬಣ್ಣವನ್ನಲ್ಲ, ಕೈಪಿಡಿಯ ನಿರ್ದೇಶವನ್ನು ನೋಡಿ ಕೊಳ್ಳತಕ್ಕದ್ದು.

ದೇಹಕ್ಕೆ ಒದಗುವ ಅಪಾಯಗಳನ್ನು ಬಲ್ಲವರೇ ಹೆಚ್ಚಾದುದರಿಂದ ಅವನ್ನು ವಿಸ್ತರಿಸುವುದಿಲ್ಲ. ಬಿಸಿ ಎಂಜಿನ್ನಿನ ಮುಚ್ಚಳವನ್ನು ತೆಗೆದೊಡನೆ ಒತ್ತಡ ಕುಸಿದು, 110 ಡಿಗ್ರಿಯ ದ್ರವ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಪೈಪು ಕೈಗೆ ಮೆತ್ತಗಾಗಿ ತಣ್ಣಗೆ ಹತ್ತುವವರೆಗೆ ಮುಚ್ಚಳವನ್ನು ಮುಟ್ಟಬಾರದು. ವಿದ್ಯುತ್ ಫ್ಯಾನು ಕೆಲವು ಕಾರುಗಳಲ್ಲಿ ಬೀಗದಕೈ ತೆಗೆದ ಮೇಲೆಯೂ ತಿರುಗಬಲ್ಲದು, ಬೆರಳುಗಳು ಅದರ ಹತ್ತಿರ ಇರಕೂಡದು. ಕಾದ ಹೆಡ್ಡಿಗೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಬಾಗುತ್ತದೆ ಅಥವಾ ಸೀಳುತ್ತದೆ.

ಇಷ್ಟೆಲ್ಲ ಜಾಗ್ರತೆಯಿಂದ ಮಾಡಿದರೂ ಫಲ ಕಾಣದ ಗಾಡಿಗಳಿವೆ. ಎಂಜಿನ್ನು ಓಡುತ್ತಿರುವಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ಆಯಿಲಿನ ಮುಚ್ಚಳದ ಒಳಗೆ ಹಾಲುಬಿಳುಪಿನ ಗಸಿಯಿದ್ದರೆ, ಸೋರಿಕೆಯ ಕುರುಹಿಲ್ಲದೆ ದ್ರವ ಕಡಮೆಯಾಗುತ್ತಿದ್ದರೆ, ಕೆಟ್ಟಿರುವುದು ಪ್ರಾಯಶಃ ಹೆಡ್ ಗ್ಯಾಸ್ಕೆಟ್ಟು. ಅದನ್ನು ನೀರಿನಿಂದ ತೊಳೆದು ಸರಿಪಡಿಸಲಾಗದು. ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರದಿಂದ ದ್ರವ ತೊಟ್ಟಿಕ್ಕುತ್ತಿದ್ದರೂ ಹಾಗೆಯೇ. ಹಳೆಯ ಹಿತ್ತಾಳೆಯ ರೇಡಿಯೇಟರಾದರೆ ಅದರ ತೊಟ್ಟಿಯ ಬೆಸುಗೆಯನ್ನು ಬಿಡಿಸಿ, ಚಪ್ಪಟೆ ಸರಳನ್ನು ಒಂದೊಂದು ನಾಳದಲ್ಲಿಯೂ ಆಡಿಸಿ, ಮರಳಿ ಬೆಸೆಯಬಲ್ಲ ಕುಶಲಿಗಳು ನಮ್ಮ ಪಟ್ಟಣಗಳಲ್ಲಿ ಈಗಲೂ ಇದ್ದಾರೆ; ಅಲ್ಯೂಮಿನಿಯಮ್ಮಿನದು ಒಮ್ಮೆ ಒಳಗೆ ಕಟ್ಟಿಕೊಂಡರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ತಮ್ಮೂರಿನ ಬಿಡಿಭಾಗದ ಅಂಗಡಿಯಲ್ಲೋ ಹೊಸದನ್ನು ಕೊಳ್ಳುವುದೇ ಉಳಿದ ದಾರಿ. ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟು: ದ್ರವ ಇನ್ನೂ ತಿಳಿಯಾಗಿರುವಾಗಲೇ ಅವಧಿಗೆ ಸರಿಯಾಗಿ ಇಳಿಸಿ ತುಂಬುವ ಕೆಲಸವನ್ನು, ಅಳತೆಯ ಪಾತ್ರೆಯೂ ಅರ್ಧ ದಿನದ ತಾಳ್ಮೆಯೂ ಉಳ್ಳ ಯಾರಾದರೂ ಮನೆಯಲ್ಲಿ ಮಾಡಬಹುದು, ಒಳಗೆ ಕೆಸರಾದ ಗಾಡಿಯನ್ನು ಮದ್ದು ಹಾಕಿ ರಭಸದಿಂದ ತೊಳೆಯುವ ಕೆಲಸಕ್ಕೆ ಮನೆಯಂಗಳ ತಕ್ಕ ಸ್ಥಳವಲ್ಲ.

ಕಡೆಯದಾಗಿ ಓದುಗರಲ್ಲಿ ಒಂದು ವಿಜ್ಞಾಪನೆಯಿದೆ. ಹೊರಬಂದ ಹಳೆಯ ದ್ರವವನ್ನು ದಯವಿಟ್ಟು ಮೋರಿಗೆ ಬಿಡಬೇಡಿ, ರಸ್ತೆಯ ಅಂಚಿನಲ್ಲಿ ಹರಿಯಗೊಡಬೇಡಿ. ಎಥಿಲೀನ್ ಗ್ಲೈಕಾಲು ರುಚಿಗೆ ಸಿಹಿ. ಬೀದಿಯ ನಾಯಿಯೂ ಬೆಕ್ಕೂ ಕರುವೂ ಅದನ್ನು ನೆಕ್ಕುತ್ತವೆ. ಒಳಗೆ ಹೋದ ಮೇಲೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಸುಣ್ಣದೊಡನೆ ಕೂಡಿ, ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬೆಳೆದ ಮನುಷ್ಯನಿಗೂ ಸುಮಾರು 100 ಮಿಲಿಲೀಟರು ಮಾರಕವಾಗಬಲ್ಲದು, ಮಕ್ಕಳ ವಿಷಯದಲ್ಲಿ ಅದಕ್ಕಿಂತ ಎಷ್ಟೋ ಕಡಮೆ ಸಾಕು. ಅಗಲಬಾಯಿಯ ಬೇಸನ್ನಿನಲ್ಲಿ ಹಿಡಿದುದನ್ನು ಒಡನೆಯೇ ಬಿಗಿಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ ವಿಷವೆಂದು ಬರೆದ ಚೀಟಿ ಅಂಟಿಸಿ, ಹಳೆಯ ಆಯಿಲನ್ನು ಕೂಡಿಟ್ಟು ವಿಲೇವಾರಿಗೆ ಕಳುಹಿಸುವ ಸರ್ವಿಸ್ ಸ್ಟೇಷನ್ನಿನವರು ಇದನ್ನೂ ತೆಗೆದುಕೊಳ್ಳುವರೇ ಎಂದು ಮೊದಲು ವಿಚಾರಿಸಿ ಅಲ್ಲಿಗೆ ಒಪ್ಪಿಸಿ. ಕುಡಿಯುವ ನೀರಿನ ಖಾಲಿ ಬಾಟಲಿಗೆ ಮಾತ್ರ ಯಾವ ಕಾರಣಕ್ಕೂ ತುಂಬಿಡಬೇಡಿ.